ಕಳೆ ಬಾರದಿರಲೆಂದು ಹಾಸಿದ ಹುಲ್ಲು

ಉರಿಗಾಂನ ನಮ್ಮ ಮನೆಯ ಹಿಂದೆ ಒಂದಿಷ್ಟು ತರಕಾರಿ ಮಡಿ ಮಾಡಿಕೊಂಡಿದ್ದೇನೆ. ಯುಗಾದಿಗೆ ಮುಂಚೆ ಒಂದು ಮಳೆ ಬಿದ್ದರೆ ಸಾಕು, ಬದನೆ ಸಸಿಗಿಂತ ಮೊದಲು ಪಾರ್ಥೇನಿಯಂ ತಲೆ ಎತ್ತುತ್ತದೆ. ನೀರು ನಾನು ಬದನೆಗೆ ಬಿಡುವುದು, ಕುಡಿಯುವುದು ಅದು. ಕೂತು ಕಿತ್ತು ಕಿತ್ತು ನನ್ನ ಸೊಂಟ ಬಿದ್ದುಹೋಗಿದೆ.

ಈ ಸಲ ಕಳೆ ಹುಟ್ಟಲೇಬಾರದು ಎಂದು ಹಟ ಹಿಡಿದೆ. ನೆಲಕ್ಕೆ ಬಿಸಿಲು ತಾಗದಿದ್ದರೆ ಅದು ಅಷ್ಟು ಸುಲಭವಾಗಿ ಮೊಳೆಯುವುದಿಲ್ಲ. ಕ್ಯಾಸಂಬಳ್ಳಿಯಿಂದ ಆಟೋದಲ್ಲಿ ರಾಗಿ ಹುಲ್ಲು ತರಿಸಿ, ಸಸಿಗಳ ನಡುವೆ ದಪ್ಪಗೆ ಹಾಸಿದೆ. ಮರುದಿನ ಎದ್ದು ನೋಡಿದರೆ ಮಡಿ ಬೋಳು. ನಮಗೆ ಹಾಲು ಕೊಡುವ ಪಕ್ಕದ ಮನೆಯಾಕೆಯ ಹಸು ಬೇಲಿ ನೂಕಿಕೊಂಡು ಬಂದು ಹುಲ್ಲನ್ನೆಲ್ಲ ತಿಂದಿತ್ತು. ಬೇಲಿಯಂಚಿನ ಪಾರ್ಥೇನಿಯಂ ಅನ್ನು ಮೂಸಿಯೂ ನೋಡಿರಲಿಲ್ಲ.

ಹೋಗಿ ಕೇಳಿದೆ. "ಗಿಡ ಮುಟ್ಟಿಲ್ವಲ್ಲಕ್ಕಾ, ಬರೀ ಉಲ್ಲು ತಾನೆ ತಿಂದಿರೋದು," ಎಂದಳು, ನನಗೇ ಸಮಾಧಾನ ಹೇಳುವವಳಂತೆ.

ಬೇಲಿಗೆ ಮುಳ್ಳು ಕಟ್ಟಿ, ಮತ್ತೆ ಹುಲ್ಲು ತರಿಸಿ ಹಾಸಿದೆ. ಹಸು ಕೊಂಬಿನಿಂದ ಮುಳ್ಳು ಸರಿಸಿ ಮತ್ತೆ ತಿಂದಿತು. ಹೋಗುವಾಗ ಮಡಿಯ ಮೇಲೆ ಸಗಣಿ ಹಾಕಿತು. ಆ ಸಗಣಿಯಲ್ಲಿ, ನಮ್ಮ ಹಿತ್ತಿಲು ಅದುವರೆಗೆ ಕಂಡೇ ಇರದ ಹೊಸ ಜಾತಿಯ ಕಳೆಯೊಂದು ಹುಟ್ಟಿತು. ಅಲ್ಲಿಗೆ ನಾನು ಹುಲ್ಲು ತರಿಸುವುದನ್ನೇ ಬಿಟ್ಟೆ.

ಸ್ವಲ್ಪ ದಿನದ ಮೇಲೆ ಹಾಲು ಅಳೆಯುತ್ತ ಆಕೆ ಕೇಳಿದಳು: "ಯಾಕಕ್ಕಾ, ಈಗ ಉಲ್ಲು ಆಕಲ್ವಾ? ಬೆಳಗ್ಗಿಂದ ಅಸ ನಿಮ್ಮ ಬೇಲಿ ತಾವೇ ನಿಂತದೆ, ಪಾಪ."