ಮಾವನ ಫ್ಲಾಶ್, ಅಮ್ಮನ ಚೆಂಬು

ನನಗೆ ಡಿಗ್ರಿ ಆಗಲಿಕ್ಕಿಲ್ಲ ಎಂದವರು ನನ್ನ ಸೋದರಮಾವ. ಕೆಟ್ಟ ಮನಸ್ಸಿನಿಂದಲ್ಲ, ನಮ್ಮ ಮನೆಯಲ್ಲಿ ಹತ್ತನೆಯ ತರಗತಿ ದಾಟಿದವರೇ ಇರಲಿಲ್ಲ. ಬಿ.ಸಿ.ರೋಡಿನಲ್ಲಿ ಅವರದೊಂದು ಸಣ್ಣ ಸ್ಟುಡಿಯೊ. ಮದುವೆಗಳಲ್ಲಿ ಫೋಟೊ ಅವರದು, ವೀಡಿಯೊ ನನ್ನದು. ಮೂಡುಬಿದಿರೆಯ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಓದಿದ್ದು ಆ ದುಡಿಮೆಯಿಂದಲೇ.

ಧಾರೆ ಎರೆಯುವಾಗ ಮಾವನ ಫ್ಲಾಶ್ ಮಿಂಚಿದರೆ ನನ್ನ ವೀಡಿಯೊದಲ್ಲಿ ಒಂದು ಫ್ರೇಮಿನ ಕೆಳಗಿನ ಅರ್ಧ, ಅದರ ಮರುಫ್ರೇಮಿನ ಮೇಲಿನ ಅರ್ಧ ಬೆಳ್ಳಗಾಗುತ್ತಿತ್ತು. ಮದುಮಗಳ ಮುಖ ತುಂಡಾಗಿದೆ, ಅಪಶಕುನ ಎಂದು ಬೆಳ್ತಂಗಡಿ ಕಡೆಯ ಒಂದು ಮನೆಯವರು ಪೆನ್‌ಡ್ರೈವನ್ನೇ ವಾಪಸು ತಂದರು. ನಾನು ಅದನ್ನೇ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡಿಕೊಂಡೆ.

ಕ್ಯಾಮರಾದೊಳಗಿನ ಸೆನ್ಸರ್ ಇಡೀ ಚಿತ್ರವನ್ನು ಒಟ್ಟಿಗೆ ಹಿಡಿಯುವುದಿಲ್ಲ. ಪಂಕ್ತಿಯಲ್ಲಿ ಎಲೆಯಿಂದ ಎಲೆಗೆ ಬಡಿಸುತ್ತ ಹೋದ ಹಾಗೆ, ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಓದುತ್ತದೆ. ಫ್ಲಾಶ್ ಅಷ್ಟರೊಳಗೆ ಬಂದು ಹೋಗಿರುತ್ತದೆ. ಓದಿ ಮುಗಿದ ಗೆರೆಗಳಿಗೆ ಅದು ಸಿಗುವುದು ಮರುಫ್ರೇಮಿನಲ್ಲಿ, ಉಳಿದವು ಆಗಲೇ ಬಿಳಿಯಾಗುತ್ತವೆ.

ಬಿಳಿಯಾದ ಭಾಗಕ್ಕೆ ಹಿಂದಿನ ಫ್ರೇಮಿನ ತುಂಡು ಅಂಟಿಸುವ ಪ್ರೋಗ್ರಾಮ್ ಬರೆದೆ. ಯಾರಾದರೂ ಕೈ ಆಡಿಸಿದರೆ ಸಾಕು, ಮಣಿಕಟ್ಟು ಒಂದು ಕಡೆ, ಬೆರಳು ಇನ್ನೊಂದು ಕಡೆ. ಇದನ್ನು ತಂದರೆ ಪಾಸು ಮಾಡಲಿಕ್ಕಾಗುವುದಿಲ್ಲ ಎಂದರು ಪ್ರಾಜೆಕ್ಟ್ ನೋಡಿಕೊಳ್ಳುತ್ತಿದ್ದ ಮೇಡಂ. ಪ್ರಾಜೆಕ್ಟ್ ಹೋದರೆ ಡಿಗ್ರಿಯೂ ಹೋದಂತೆ.

ನೀರೆರೆಯುವ ಕೈಯನ್ನು ಮತ್ತೆ ಮತ್ತೆ ಫ್ಲಾಶ್ ಹೊಡೆದು ಹಿಡಿದು ನೋಡಬೇಕಿತ್ತು, ಆದರೆ ಮಾವನ ಸಹಾಯ ಕೇಳಲು ನನಗೆ ಬಾಯಿ ಬರಲಿಲ್ಲ. ಅಮ್ಮನೇ ಕೇಳಿದರು. ಮದುವೆ ಇಲ್ಲದ ಒಂದು ದಿನ ಮಾವ ನರಿಕೊಂಬಿನ ನಮ್ಮ ಮನೆಗೆ ಬಂದರು. ಅಮ್ಮ ಬೀಡಿ ಕಟ್ಟುವುದನ್ನು ಬದಿಗಿಟ್ಟು, ಜಗಲಿಯಲ್ಲಿ ಕೂತು ಚೆಂಬಿನಿಂದ ಬಾಲ್ದಿಗೆ ನೀರು ಎರೆದರು. ಮಾವ ಫ್ಲಾಶ್ ಹೊಡೆದರು, ನಾನು ವೀಡಿಯೊ ಹಿಡಿದೆ. ಮತ್ತೆ ಚೆಂಬು ತುಂಬಿಸುವುದು, ಮತ್ತೆ ಎರೆಯುವುದು.

"ಸ್ವಲ್ಪ ನಗು ಅಕ್ಕ, ಮಗಳ ಧಾರೆ ಅಂತ ಗ್ರಹಿಸು," ಎಂದರು ಮಾವ.

"ಧಾರೆ ಮತ್ತೆ ಆಗ್ತದೆ. ಮೊದಲು ಅವಳದ್ದು ಪಾಸಾಗಲಿ. ನೀನು ಹೊಡಿ ಮಾರಾಯ."

ಬಿಳಿಯಾದ ಫ್ರೇಮುಗಳ ಹಿಂದೆ, ಮುಂದೆ ಅಮ್ಮನ ಕೈ ಎಲ್ಲಿತ್ತೆಂದು ನೋಡಿ, ನಡುವೆ ಎಲ್ಲಿರಬೇಕೆಂದು ಲೆಕ್ಕ ಹಾಕಲು ಪ್ರೋಗ್ರಾಮಿಗೆ ಕಲಿಸಿದೆ. ನೀರು ಕೊನೆಗೂ ಸ್ವಲ್ಪ ಮಸುಕೇ. ಆದರೆ ಬೀಡಿ ಎಲೆ ಕತ್ತರಿಸಿ ಗಂಟುಗಟ್ಟಿದ ಆ ಕೈ ಇಡಿಯಾಗಿ ಬಂತು. ಮೇಡಂ ಮತ್ತೊಮ್ಮೆ ಹಾಕಿಸಿ ನೋಡಿ, ಸಹಿ ಹಾಕಿದರು.

ಪದವಿ ಪತ್ರ ಸಿಕ್ಕಿದ ದಿನ ಮೂಡುಬಿದಿರೆಯ ಬಸ್ಸಿನಿಂದ ಇಳಿದವಳು ಸೀದಾ ಸ್ಟುಡಿಯೊಗೆ ಹೋಗಿ ಅದನ್ನು ಮಾವನ ಕೈಗೆ ಕೊಟ್ಟೆ. ನಮ್ಮ ಮನೆಗೆ ಬಂದ ಮೊದಲನೆಯದು. ಅವರು ಅಂಗಿಗೆ ಕೈ ಒರೆಸಿಕೊಂಡು, ನಿಂತೇ ಓದಿದರು.

"ಇನ್ನು ವೀಡಿಯೊ ಹಿಡೀಲಿಕ್ಕೆ ನಿನ್ನನ್ನು ಕರೆಯುವುದು ಹೇಗೆ ಮಗಾ?" ಎಂದರು. "ಕರೆದ್ರೆ ಬರ್ತೀಯಾ?"