ತಿಪ್ಪಣ್ಣ ಕಾಕಾ ಕೊಯ್ದ ಹಗ್ಗ

ಯಾರಾದರೂ ಇಂಥ ಸಂಗತಿ ಹೇಳತೊಡಗಿದರೆ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: "ಆಗ ಗಡಿಯಾರ ನೋಡಿದವರು ಯಾರು?" ಹುಮನಾಬಾದಿನಲ್ಲಿ ನಮ್ಮ ತಂದೆಯವರ ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಸಂಜೆ ಸೇರುತ್ತಿದ್ದ ಹಿರಿಯರು, ದೂರದಲ್ಲಿ ಸತ್ತವರು ಅದೇ ಗಳಿಗೆಗೆ ಮನೆ ಬಾಗಿಲಲ್ಲಿ ನಿಂತು ಕರೆದ ಕಥೆಗಳನ್ನು ಹೇಳುವರು. ನಾನು ಈ ಪ್ರಶ್ನೆ ಕೇಳಿ ಬಾಯಿ ಮುಚ್ಚಿಸುವೆ. ಹೈದರಾಬಾದಿನ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದವನು ನಾನು. ಅಳೆಯಲಾಗದ್ದನ್ನು ನಂಬಬಾರದು ಎಂದು ಕಲಿತಿದ್ದೆ. ಈಗಲೂ ಅದನ್ನು ತಪ್ಪು ಎನ್ನಲಾರೆ. ಆದರೆ ಕೇಳುವ ಧೈರ್ಯ ಹೋಗಿದೆ. ಯಾಕೆ ಎಂಬುದನ್ನು ನಡೆದ ಹಾಗೆಯೇ ಹೇಳುತ್ತೇನೆ. ಓದುವವರು ತಮಗೆ ಸರಿ ಕಂಡದ್ದನ್ನು ತಿಳಿದುಕೊಳ್ಳಲಿ.

ಮಾಣಿಕಪ್ಪ ನನ್ನ ಜೊತೆ ಓದಿದವನು, ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿ ನಾಲ್ಕು ವರ್ಷ ಇದ್ದವನು. ಅವನದು ನಾರಾಯಣಪುರ, ನಾವಾಗ ಕಲ್ಯಾಣಿ ಎನ್ನುತ್ತಿದ್ದ ಬಸವಕಲ್ಯಾಣದ ಪಕ್ಕದ ಹಳ್ಳಿ. ತಂದೆ ತಿಪ್ಪಣ್ಣ, ನನಗೆ ತಿಪ್ಪಣ್ಣ ಕಾಕಾ. ಸ್ವಂತ ಹೊಲ, ಹೊಲದಲ್ಲೊಂದು ದೊಡ್ಡ ಬಾವಿ, ಬಾವಿಗೆ ಮೋಟ. ಮೋಟ ಎಂದರೆ ಎತ್ತುಗಳಿಂದ ನೀರೆತ್ತುವ ಚರ್ಮದ ಚೀಲ. ಬೇರೆ ಕಡೆ ಕಪಿಲೆ ಎನ್ನುತ್ತಾರೆ. ಎತ್ತುಗಳು ಇಳಿಜಾರಿನಲ್ಲಿ ಇಳಿಯುವಾಗ ಮೋಟ ಹೊಡೆಯುವವನು ಎಳೆದ ಹಗ್ಗದ ಮೇಲೆ ಹಾರಿ ಕುಳಿತು ತನ್ನ ಭಾರವನ್ನೂ ಕೊಡುತ್ತಾನೆ. ಎತ್ತಿಗೆ ಅಷ್ಟು ಹಗುರ. ಮಾಣಿಕಪ್ಪ ನಡೆಯಲು ಕಲಿತಾಗಿನಿಂದ ತಂದೆಯ ಬೆನ್ನು ಹಿಡಿದು ಆ ಹಗ್ಗದ ಮೇಲೆ ಕುಳಿತು ಬೆಳೆದವನು. ಹಗ್ಗ ಬಿಗಿಯಾದರೆ ಅದರ ಮೇಲೆ ಕೂರಬೇಕು ಎಂಬುದು ಅವನ ಬುದ್ಧಿಗೆ ಗೊತ್ತಿದ್ದದ್ದಲ್ಲ, ಮೈಗೆ ಗೊತ್ತಿದ್ದದ್ದು.

ಅವನಿಗೆ ಮೀನಿನ ಹುಚ್ಚು. ರಜೆಯಲ್ಲಿ ಕಲ್ಯಾಣಿಯ ತ್ರಿಪುರಾಂತ ಕೆರೆಯಲ್ಲಿ ಗಾಳ ಹಾಕಿ ಕುಳಿತರೆ ಊಟದ ನೆನಪಿರುತ್ತಿರಲಿಲ್ಲ. ಕಾಲೇಜಿನ ಲೈಬ್ರರಿಯಲ್ಲಿ ಒಮ್ಮೆ ಅವನಿಗೊಂದು ಇಂಗ್ಲಿಷ್ ಪತ್ರಿಕೆ ಸಿಕ್ಕಿತು. ಸಾಹೇಬರು ದಿನಪೂರ್ತಿ ದೋಣಿ ಬಾಡಿಗೆಗೆ ಹಿಡಿದು, ದಂಡೆ ಕಾಣದಷ್ಟು ದೂರ ಹೋಗಿ, ಆಳಿಗಿಂತ ಉದ್ದದ ಮೀನು ಹಿಡಿದು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡಿದ್ದರು. ಆ ಹಾಳೆ ಎರಡು ವರ್ಷ ನಮ್ಮ ಕೋಣೆಯ ಗೋಡೆಯ ಮೇಲಿತ್ತು. "ಪರೀಕ್ಷೆ ಮುಗೀಲಿ ದೋಸ್ತಾ. ನೌಕರಿ ಸೇರಿದ ಮ್ಯಾಲ ಫೈಲಿನ ಹುಳಾ ಹಿಡಿಯೋದು ಇದ್ದದ್ದೇ. ಅದಕ್ಕೂ ಮೊದಲ ಒಂದು ಮೀನ," ಎನ್ನುತ್ತಿದ್ದ.

ಎರಡನೇ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷದ ಬೇಸಿಗೆಯಲ್ಲಿ ಪರೀಕ್ಷೆ ಮುಗಿಯಿತು. ನಾವಿಬ್ಬರೂ ಊರಿಗೆ ಹೋಗಿ, ಅಲ್ಲಿಂದ ಮುಂಬಯಿ ನೋಡಿ ಬರುತ್ತೇವೆಂದು ಹೇಳಿ ಹೊರಟೆವು. ಮುಂಬಯಿಯಿಂದ ಸ್ಟೀಮರಿನಲ್ಲಿ ಕೊಂಕಣದ ಒಂದು ಸಣ್ಣ ಬಂದರಿಗೆ ಹೋಗುವುದು ನಮ್ಮಿಬ್ಬರಿಗೇ ಗೊತ್ತಿದ್ದ ಗುಟ್ಟು. ನಾರಾಯಣಪುರದಲ್ಲಿ ಬಸ್ಸಿನ ದಾರಿಯವರೆಗೆ ಬಂದ ತಿಪ್ಪಣ್ಣ ಕಾಕಾ ನನ್ನ ಕಡೆ ತಿರುಗಿ, "ನೀ ಶಾಣ್ಯಾ ಇದ್ದಿ ತಮ್ಮಾ. ಇಂವ ಎತ್ತಿನಂಗ ಮುಂದ ನುಗ್ತಾನ. ಹಗ್ಗ ನಿನ್ನ ಕೈಯಾಗಿರಲಿ," ಎಂದು ನಕ್ಕಿದ್ದರು. ಆಗ ಆ ಮಾತಿಗೆ ನಾನೂ ನಕ್ಕಿದ್ದೆ.

ಬಂದರಿನಲ್ಲಿ ಸಿಕ್ಕವನು ಇಸ್ಮಾಯಿಲ್ ತಾಂಡೇಲ. ತಾಂಡೇಲ ಎಂದರೆ ದೋಣಿಯ ಯಜಮಾನ. ಅವನೂ ಅವನ ತಮ್ಮನೂ ಸೇರಿ ಮಚವೆ ಎಂಬ ಹಾಯಿದೋಣಿಯೊಂದನ್ನು ನಡೆಸುತ್ತಿದ್ದರು. ಮರಾಠಿಯೂ ಹಿಂದುಸ್ತಾನಿಯೂ ಬೆರೆತ ಅವನ ಮಾತು ನಮಗೆ ತೊಡಕಾಗಲಿಲ್ಲ. ಬೆಳಗಿನ ಜಾವ ಹೊರಟು ಸಂಜೆಗೆ ಮರಳುವುದೆಂದು ಮಾತಾಯಿತು. ಹತ್ತುವ ಮೊದಲೇ ಅವನು ನಮ್ಮಿಬ್ಬರನ್ನೂ ನಿಲ್ಲಿಸಿ ಒಂದು ಕಟ್ಟುಪಾಡು ಹೇಳಿದ. ಗಾಳದ ಹಗ್ಗದ ಇನ್ನೊಂದು ತುದಿಗೆ ಮರದ ಪೀಪಾಯಿ ಕಟ್ಟಿರುತ್ತದೆ. ದೊಡ್ಡ ಮೀನು ಕಚ್ಚಿದರೆ ಯಾರೂ ಹಗ್ಗ ಮುಟ್ಟಬಾರದು, ಪೀಪಾಯಿಯನ್ನು ನೀರಿಗೆ ಎಸೆದುಬಿಡಬೇಕು. ಮೀನು ಅದನ್ನು ಎಳೆದೆಳೆದು ದಣಿಯುತ್ತದೆ. ಪೀಪಾಯಿ ಮುಳುಗಿದರೂ ಮತ್ತೆ ಮೇಲೆ ಬರಲೇಬೇಕು, ದೋಣಿ ಅದರ ಹಿಂದೆ ಹೋಗುತ್ತದೆ. ಪೀಪಾಯಿ ಎಸೆಯುವ ಕೆಲಸ ನನಗೆ ಬಂತು.

"ಹಗ್ಗ ಮುಟ್ಟಬಾರದಂದ್ರ ನಾವು ಬಂದದ್ದಾದರೂ ಯಾಕ್ರಿ ತಾಂಡೇಲ?" ಎಂದು ಮಾಣಿಕಪ್ಪ ಕೇಳಿದ.

"ನೋಡೋಕೆ ಬಂದ್ರಿ ಸಾಹೇಬ. ಸಮುದ್ರದಾಗ ಎಳೆಯೋರು ಬದುಕೋದಿಲ್ಲ, ಬಿಡೋರು ಬದುಕ್ತಾರೆ," ಎಂದ ತಾಂಡೇಲ.

ಮಧ್ಯಾಹ್ನದವರೆಗೆ ದೊಡ್ಡ ಮೀನೊಂದೂ ಬರಲಿಲ್ಲ. ನನಗೆ ವಾಂತಿಯೋ ವಾಂತಿ. ಮಾಣಿಕಪ್ಪ ಅಡ್ಡಹಲಗೆಯ ಮೇಲೆ ಕಾಲು ಚಾಚಿ, ಮನೆಯಿಂದ ತಂದಿದ್ದ ಖಟಕ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿ, "ಉಣ್ಣು, ಉಂಡು ಮತ್ತ ಕಾರು, ಮೀನಕ್ಕೂ ನಮ್ಮೂರ ಹಿಂಡಿ ರುಚಿ ತಿಳೀಲಿ," ಎಂದು ಕಾಡುತ್ತಿದ್ದ. ತಾಂಡೇಲನ ತಮ್ಮನಿಗೂ ಕೊಟ್ಟ. ಅವನು ಖಾರಕ್ಕೆ ಕಣ್ಣೀರು ಸುರಿಸಿ ನಕ್ಕ. ಆ ನಗು ಈಗಲೂ ಕೇಳಿಸುತ್ತದೆ.

ಬಿಸಿಲು ಇಳಿಯುತ್ತ ಬಂತು. ಬರಿಗೈಯಲ್ಲಿ ಹಿಂದಿರುಗುವುದೆಂದು ದೋಣಿ ದಂಡೆಯ ಕಡೆ ತಿರುಗಿತು. ಗಾಳ ಮಾತ್ರ ನೀರಿನಲ್ಲೇ ಇತ್ತು. ತಾಂಡೇಲ ಚುಕ್ಕಾಣಿಯನ್ನು ತಮ್ಮನಿಗೆ ಕೊಟ್ಟು ಅಸರಿನ, ಅಂದರೆ ಇಳಿಹೊತ್ತಿನ, ನಮಾಜಿಗೆಂದು ಕೈಕಾಲು ತೊಳೆಯತೊಡಗಿದ. ಆಗ ಹಗ್ಗ ಹರಿಯಲು ಶುರುವಾಯಿತು.

ನಾನು ಪೀಪಾಯಿ ಎತ್ತಿದೆ. "ಒಗೀಬ್ಯಾಡ! ಲೇ, ಒಗೀಬ್ಯಾಡ, ನಾ ಎಳೀತೇನಿ!" ಎಂದ ಮಾಣಿಕಪ್ಪ. ನಗುತ್ತಲೇ ಇದ್ದ. ತಾಂಡೇಲ ಒದ್ದೆ ಮುಖದಲ್ಲಿ ತಿರುಗಿ ಕೂಗುವಷ್ಟರಲ್ಲಿ ಮಾಣಿಕಪ್ಪ ಹಗ್ಗವನ್ನು ಸೊಂಟಕ್ಕೆ ಒಂದು ಸುತ್ತು ಹಾಕಿ, ಎರಡೂ ಪಾದ ಹಲಗೆಗೆ ಒತ್ತಿ, ಹಗ್ಗದ ಮೇಲೆ ಕುಳಿತುಬಿಟ್ಟಿದ್ದ. ಥೇಟ್ ಮೋಟದ ಹಗ್ಗದ ಮೇಲೆ ಕುಳಿತ ಹಾಗೆ. ಒಂದು ಕ್ಷಣ ಆ ದೃಶ್ಯ ನನಗೆ ಚೆನ್ನಾಗಿಯೇ ಕಂಡಿತು, ಸುಳ್ಳು ಹೇಳುವುದಿಲ್ಲ. ಅವನ ಮಾತು ಕೇಳಿ ನಾನು ಪೀಪಾಯಿ ಕೆಳಗಿಟ್ಟೆ.

ಮರುಕ್ಷಣ ಅವನು ಅಲ್ಲಿರಲಿಲ್ಲ. ಬಿದ್ದದ್ದನ್ನು ನಾನು ನೋಡಲಿಲ್ಲ. ಹಗ್ಗದ ಸುರುಳಿ ನನ್ನ ಬಲಗಾಲಿನ ಹರಡಿಗೆ ಬಿಗಿದು ನನ್ನನ್ನು ಹಲಗೆಗಳ ಮೇಲೆ ಎಳೆದುಕೊಂಡು ಹೋಯಿತು. ದೋಣಿಯ ಅಂಚಿಗೆ ಎದೆ ಬಡಿದಾಗ ಎರಡೂ ಕೈಯಿಂದ ಅಂಚು ತಬ್ಬಿದೆ. ಕಾಲು ಹೊರಗೆ ನೀರಿನಲ್ಲಿತ್ತು. ಆ ಹಗ್ಗದ ಮುಂದೆ ನನ್ನ ಗೆಳೆಯ, ಅವನ ಮುಂದೆ ನಾವು ಯಾರೂ ನೋಡದ ಆ ಮೀನು. ಹಿಂದೆ, ದೋಣಿಯೊಳಗೆ, ಪೀಪಾಯಿ. ಅದನ್ನು ಯಾರಾದರೂ ಎಸೆದಿದ್ದರೆ ಅವನ ಹಿಂದೆ ನಾನೂ ನೀರಿಗೆ ಹೋಗುತ್ತಿದ್ದೆ. ಆದರೆ ಹಾಗೆ ಎಸೆದ ಪೀಪಾಯಿ ಮತ್ತೆ ಮೇಲೆ ಬರುತ್ತಿತ್ತು, ಅದರ ಹಿಂದೆ ದೋಣಿ ಬರುತ್ತಿತ್ತು. ಅವನಿಗೆ ಉಳಿದಿದ್ದ ಆಸೆ ಅದೊಂದೇ.

ಆಗ ಹಗ್ಗ ಸಡಿಲಾಯಿತು. ನನ್ನ ಕಾಲು ಹಗುರಾಯಿತು.

ಕತ್ತಲಾಗುವವರೆಗೆ ಹುಡುಕಿದೆವು, ಮರುದಿನ ಮತ್ತೆ ನಾಲ್ಕು ದೋಣಿಗಳು ಹುಡುಕಿದವು. ಏನೂ ಸಿಗಲಿಲ್ಲ. ನನ್ನ ಕಾಲಿಗೆ ಸುತ್ತಿಕೊಂಡಿದ್ದ ಹಗ್ಗದ ತುದಿಯನ್ನು ತಾಂಡೇಲ ಬಹಳ ಹೊತ್ತು ನೋಡಿದ. ಎಳೆದು ಹರಿದ ಹಗ್ಗದ ತುದಿ ಜಡೆ ಬಿಚ್ಚಿದಂತಿರುತ್ತದೆ. ಇದು ಒಂದೇ ಏಟಿಗೆ ಕೊಯ್ದದ್ದು. ನನ್ನ ಪಾದದಿಂದ ಗೇಣುದ್ದ ಆಚೆಗೆ, ನನಗೂ ಮಾಣಿಕಪ್ಪನಿಗೂ ನಡುವೆ. ದೋಣಿಯಲ್ಲಿದ್ದದ್ದು ಒಂದೇ ಕೊಯ್ತಾ, ಬಾಗಿದ ಕತ್ತಿ. ಅದು ಹಿಂಬದಿಯ ಹಲಗೆಯ ಕೆಳಗೆ ಗೋಣಿ ಹೊದ್ದು ಇಟ್ಟಲ್ಲೇ ಇತ್ತು. "ನೀವು ಕೊಯ್ಯಲಿಲ್ಲ. ನಿಮ್ಮ ಎರಡೂ ಕೈ ಅಂಚಿನ ಮೇಲಿದ್ದದ್ದು ನಾನು ನೋಡಿದೆ," ಎಂದ ತಾಂಡೇಲ. ನಾನು ಕೇಳಿರಲಿಲ್ಲ. ಕೇಳದೆಯೇ ಹೇಳಿದ.

ತಂತಿ ಕಳಿಸಲು ನನಗೆ ಮನಸ್ಸಾಗಲಿಲ್ಲ. ಆ ಸುದ್ದಿಯನ್ನು ಅಂಚೆಯವನು ಓದಿ ಹೇಳುವುದು ಬೇಡವೆನಿಸಿತು. ಮಾಣಿಕಪ್ಪನ ಟ್ರಂಕು ಹಿಡಿದು, ಹುಮನಾಬಾದಿನಲ್ಲಿ ಇಳಿದರೂ ನಮ್ಮ ಮನೆಗೆ ಹೋಗದೆ, ಸೀದಾ ನಾರಾಯಣಪುರಕ್ಕೆ ಹೋದೆ. ಅಷ್ಟರಲ್ಲಿ ಆರು ದಿನವಾಗಿತ್ತು.

ತಿಪ್ಪಣ್ಣ ಕಾಕಾ ಹೊಲದ ಬಾವಿಯ ಹತ್ತಿರ ಕುಳಿತು ಹಗ್ಗದ ಎರಡು ತುಂಡುಗಳನ್ನು ಗಂಟು ಹಾಕುತ್ತಿದ್ದರು. ನನ್ನನ್ನು ನೋಡಿದರು, ಟ್ರಂಕು ನೋಡಿದರು, ನನ್ನ ಹಿಂದೆ ಯಾರೂ ಇಲ್ಲದ ದಾರಿ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಕೇಳಿದರು: "ಮಂಗಳವಾರ ಏನು ತಮ್ಮಾ?"

ಹೌದೆಂದು ತಲೆಯಾಡಿಸಿದೆ.

"ಅಸರಿನ ಬಾಂಗಿನ ಹೊತ್ತು?"

ನಾನು ಟ್ರಂಕು ಕೆಳಗಿಟ್ಟು ಅವರ ಪಕ್ಕದಲ್ಲಿ ಕುಳಿತೆ. ಅತ್ತದ್ದು ನಾನು, ಅವರಲ್ಲ. ಅವರು ನಾನು ಹೇಳಿದ್ದನ್ನೆಲ್ಲ ಕೇಳಿ, ಬೇರೆ ಯಾರದೋ ಮನೆಯ ವಿಷಯ ಹೇಳುವವರ ಹಾಗೆ ಹೇಳಿದರು: "ಮೋಟ ಹೊಡ್ಯಾಕತ್ತಿದ್ದೆ. ಎತ್ತು ಇಳಕಲ್ಲಿಗೆ ಅರ್ಧ ಇಳಿದಿದ್ವು, ನಾ ಹಗ್ಗದ ಮ್ಯಾಲ ಕುಂತಿದ್ದೆ. ಊರಾಗ ಬಾಂಗ್ ಆಗಾಕತ್ತಿತ್ತು. ಒಮ್ಮಿಗೇ ಹಗ್ಗ ಒಜ್ಜಿ ಆತು. ನೀರಿನ ಒಜ್ಜಿ ನನಗ ಗೊತ್ತದ ತಮ್ಮಾ, ಅದಲ್ಲ. ಜೀವ ಇದ್ದದ್ದು ಎಳದಂಗ. ಎತ್ತು ಕಾಲು ಊರಿದ್ರೂ ಹಿಂದ ಹಿಂದ ಬಾವಿ ಕಡಿ ಸರದು ಬರಾಕತ್ತವು. ಬಾವ್ಯಾಗಿಂದ ಅವನ ದನಿ ಬಂತು. 'ಅಪ್ಪಾ, ಕೊಯ್' ಅಂದ. ಎರಡು ಸಲ ಅಂದ. ಕುಡಗೋಲು ಸೊಂಟದಾಗ ಇತ್ತು, ಕೊಯ್ದೆ."

ಮಂದಿ ನಕ್ಕರಂತೆ. ತಿಪ್ಪಣ್ಣನಿಗೆ ಬಿಸಿಲು ತಲೆಗೇರಿದೆ, ಹೊಸ ಹಗ್ಗ ಹಾಳು ಮಾಡಿದ ಎಂದರಂತೆ. ಬಾವಿಗೆ ಪಾತಾಳಗರಡಿ ಬಿಟ್ಟು ಮೋಟ ಮೇಲೆತ್ತಿದಾಗ ಅದು ಎಲ್ಲಿಯೂ ಸಿಕ್ಕಿಕೊಂಡಿರಲಿಲ್ಲ, ಹರಿದೂ ಇರಲಿಲ್ಲ.

ಆಮೇಲೆ ಅವರು ಕೇಳಿದ ಪ್ರಶ್ನೆಗಾಗಿಯೇ ನಾನು ಇದನ್ನೆಲ್ಲ ಬರೆಯುತ್ತಿದ್ದೇನೆ. "ನಾ ಇಲ್ಲಿ ಕೊಯ್ದೆ," ಎಂದರು. "ಅಲ್ಲಿ ಎಲ್ಲಿ ಹರೀತು? ಮೀನಿಗೂ ಅವಗೂ ನಡುವನೋ, ಅವಗೂ ನಿನಗೂ ನಡುವನೋ?"

"ಮೀನಿಗೂ ಅವಗೂ ನಡುವ, ಕಾಕಾ," ಎಂದೆ.

ಅವರು ಗಂಟು ಬಿಗಿಯುತ್ತಲೇ ಇದ್ದರು. "ಹಂಗಾರ ಈಸಿ ಬರಬೇಕಿತ್ತಲ್ಲಾ. ತ್ರಿಪುರಾಂತ ಕೆರಿ ದಮ್ಮು ಹಿಡಿಲಾರದ ಎರಡು ಸಲ ಈಸಾಂವ ಅವ."

ಅವರ ಕಣ್ಣು ನನ್ನ ಬಲಗಾಲಿನ ಮೇಲೆ ಬಿತ್ತು. ಹರಡಿಗೆ ಬಟ್ಟೆ ಸುತ್ತಿತ್ತು, ರಕ್ತ ಇನ್ನೂ ಒಸರುತ್ತಿತ್ತು. ಕೈ ಚಾಚಿ ಬಟ್ಟೆ ಬಿಚ್ಚಿದರು. ಹಗ್ಗ ಬಿಗಿದ ಗಾಯ ಸುತ್ತಲೂ ಬಳೆಯ ಹಾಗೆ ಇತ್ತು. ಹಗ್ಗದ ಜೊತೆ ಬದುಕಿದವರಿಗೆ ಅದನ್ನು ಓದಲು, ಆ ಕೊಯ್ತ ಬಿಡಿಸಿದ್ದು ಯಾರನ್ನು ಎಂದು ತಿಳಿಯಲು, ಶಾಲೆ ಬೇಕಿಲ್ಲ. ಆಮೇಲೆ ಎದ್ದು ಕೊಟ್ಟಿಗೆಯೊಳಗಿಂದ ಅರಿಶಿಣದ ಪುಡಿ, ಎಣ್ಣೆ ತಂದು, ನನ್ನ ಪಾದವನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಹಚ್ಚಿದರು. ಎತ್ತಿನ ಗಾಯಕ್ಕೆ ಹಚ್ಚುವಷ್ಟೇ ನಿಧಾನವಾಗಿ. ಆಮೇಲೆ ಟ್ರಂಕನ್ನು ತಲೆಯ ಮೇಲೆ ಹೊತ್ತು, ಮಾಣಿಕಪ್ಪನ ತಾಯಿಗೆ ಹೇಳಲು ಮನೆಯ ಕಡೆ ನಡೆದರು.

ನಾನು ಲೆಕ್ಕ ಹಾಕಿದ್ದೇನೆ. ಕೊಂಕಣಕ್ಕಿಂತ ಕಲ್ಯಾಣಿಯಲ್ಲಿ ಸೂರ್ಯ ಸುಮಾರು ಕಾಲುಗಂಟೆ ಮುಂದೆ. ಹಾಗಾದರೆ ಕಲ್ಯಾಣಿಯ ಕಡೆಯ ಬಾಂಗು ಮೊದಲಾಗಿರಬೇಕು, ಕಾಕಾ ಹಗ್ಗ ಕೊಯ್ದಾಗ ಮಾಣಿಕಪ್ಪ ಇನ್ನೂ ದೋಣಿಯಲ್ಲಿ ನಗುತ್ತ ಕುಳಿತಿರಬೇಕು. ಬಾಂಗು ಹಿಂದೆಮುಂದೆ ಆಗುವುದೂ ಉಂಟು. ತಾಂಡೇಲ ತಡವಾಗಿ ಕೈತೊಳೆಯಲು ಕುಳಿತಿರುವುದೂ ಉಂಟು. ಗಡಿಯಾರ ಯಾರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

ಇನ್ನೊಂದು ಲೆಕ್ಕವೂ ಇದೆ, ಅದನ್ನು ಯಾರೆದುರೂ ಹೇಳಿಲ್ಲ. ತಾಂಡೇಲ ದಯೆಯಿಂದ ಸುಳ್ಳು ಹೇಳಿರಬಹುದು. ಅವನೇ ಕೊಯ್ದು, ಕೊಯ್ತಾವನ್ನು ಮತ್ತೆ ಗೋಣಿಯ ಕೆಳಗಿಟ್ಟಿರಬಹುದು. ಇಲ್ಲವೇ, ಅಂಚನ್ನು ತಬ್ಬಿದ ನೆನಪಿನ ಹಿಂದೆ ನನಗೆ ನೆನಪಿಲ್ಲದ ಇನ್ನೊಂದು ಗಳಿಗೆ ಇದ್ದು, ಆಗ ನನ್ನ ಕೈಯೇ ಕೊಯ್ದಿರಬಹುದು. ಓದಿದ ಮನುಷ್ಯನಾಗಿ ನಾನು ನಂಬಬೇಕಾದದ್ದು ಇವುಗಳಲ್ಲಿ ಒಂದನ್ನು. ನಾರಾಯಣಪುರದಲ್ಲಿ ಹಗ್ಗ ಕೊಯ್ದರೆ ಸಮುದ್ರದಲ್ಲಿ ತುಂಡಾಗುವುದಿಲ್ಲ ಎಂದು ನನಗೆ ಗೊತ್ತಿದೆ. ಆದರೆ ಕಾಕಾ ಕೊಯ್ದದ್ದು ಸುಳ್ಳೆಂದ ದಿನ, ಕೊಯ್ದವನು ನಾನಾಗಬಹುದು. ಅದಕ್ಕೇ ಒಮ್ಮೆ ನಂಬುತ್ತೇನೆ, ಒಮ್ಮೆ ನಂಬುವುದಿಲ್ಲ.

ಕಾಕಾ ಆಮೇಲೆ ಏಳು ವರ್ಷ ಬದುಕಿದ್ದರು. ಆ ಗಂಟು ಹಾಕಿದ ಹಗ್ಗದಲ್ಲೇ ಮೋಟ ಹೊಡೆದರು. ಹಗ್ಗದ ಮೇಲೆ ಮಾತ್ರ ಮತ್ತೆ ಕೂರಲಿಲ್ಲ, ಎತ್ತುಗಳ ಪಕ್ಕದಲ್ಲಿ ನಡೆದೇ ಇಳಿಯುತ್ತಿದ್ದರು. ಸಂತೆಗೆಂದು ಹುಮನಾಬಾದಿಗೆ ಬಂದಾಗ ನಮ್ಮ ಅಂಗಡಿಗೆ ಬರದೆ ಹೋಗುತ್ತಿರಲಿಲ್ಲ. ಕಟ್ಟೆಯ ಮೇಲೆ ಕುಳಿತು ನೀರು ಕುಡಿಯುವರು. ಮಗನ ಹೆಸರು ಎತ್ತುತ್ತಿರಲಿಲ್ಲ, ಹಗ್ಗದ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ಹೊರಡುವ ಮುನ್ನ ಒಂದೇ ಮಾತು ಕೇಳುವರು: "ಕಾಲು ಹ್ಯಾಂಗದ ತಮ್ಮಾ?"

"ಛಲೋ ಅದ, ಕಾಕಾ," ಎನ್ನುತ್ತಿದ್ದೆ.

ಅವರು ಕೆಳಗೆ ನೋಡಿ, ತಲೆಯಾಡಿಸಿ, ಹೋಗುವರು. ಗಾಯ ಎಂದೋ ಮಾಯ್ದಿತ್ತು. ಅವರು ಏನನ್ನು ನೋಡಿ ಹೋಗುತ್ತಿದ್ದರೋ, ನಾನು ಕೇಳಲಿಲ್ಲ.