ಒಂದೇ ತಪ್ಪಲೆಯ ಮೇಣ

ಮೊನ್ನೆ ದೀಪಾವಳಿಗೆ ಮೊಮ್ಮಗಳು ಬಣ್ಣದ ಮೇಣದ ದೀಪ ಮಾಡುತ್ತೇನೆಂದು ಅಡುಗೆಮನೆ ಹಿಡಿದು ಕೂತಿದ್ದಳು. ಮುರಿದ ಮೇಣದಬತ್ತಿಗಳನ್ನು ಪಾತ್ರೆಗೆ ಹಾಕಿ ಕರಗಿಸಿ, ಅಂಟದಿರಲೆಂದು ಒಂದಿಷ್ಟು ಕೊಬ್ಬರಿ ಎಣ್ಣೆ ಬಿಟ್ಟಳು. ವಾಸನೆ ಪಡಸಾಲೆಗೆ ಬಂತು. ಊಟಕ್ಕೆ ಕೂತಿದ್ದ ನಾನು ಎದ್ದುಬಿಟ್ಟೆ.

"ಯಾಕಜ್ಜಿ, ಏನಾತು?" ಅಂದಳು.

ಏನೂ ಆಗಿಲ್ಲ, ಊಟ ಸೇರಲಿಲ್ಲ ಎಂದೆ. ಆ ವಾಸನೆ ನನಗೆ ಹಬ್ಬದ್ದಲ್ಲ. ಅದು ಶಿರಸಿಯಲ್ಲಿದ್ದ ಒಬ್ಬ ಡಾಕ್ಟರದು.

ನಾನು ಕಲಿತದ್ದು ಎರಡನೇ ಇಯತ್ತೆ. ಕಲಿತಿದ್ದರೂ ಈಗ ಪೆನ್ನು ಹಿಡಿಯುವ ಬೆರಳಿಲ್ಲ. ನಾನು ಹೇಳುತ್ತೇನೆ, ಮೊಮ್ಮಗಳು ಬರೆಯುತ್ತಾಳೆ.

ನಮ್ಮ ಸೀಮೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ವರ್ಷವೋ ಎರಡು ವರ್ಷವೋ ಆಗಿತ್ತು. ಎಕ್ಕಂಬಿಯ ಹತ್ತಿರದ ಒಂದು ಒಕ್ಕಲುಮನೆಗೆ ನನ್ನನ್ನು ಕೊಟ್ಟಿದ್ದರು. ಚೊಚ್ಚಲ ಹೆರಿಗೆ ಮುಗಿಸಿ ಹೆಣ್ಣುಕೂಸಿನ ಜೊತೆ ಗಂಡನ ಮನೆಗೆ ಮರಳಿದೆ. ಆ ಮಳೆಗಾಲದಲ್ಲೇ ಬೆರಳ ಗೆಣ್ಣುಗಳು ಊದಿಕೊಂಡವು. ಬೆಳಗ್ಗೆ ಎದ್ದರೆ ಮುಷ್ಟಿ ಬಿಚ್ಚುತ್ತಿರಲಿಲ್ಲ, ಬಿಚ್ಚಿದರೆ ಮುಚ್ಚುತ್ತಿರಲಿಲ್ಲ. ಬಿಸಿಲು ಅಂಗಳಕ್ಕೆ ಇಳಿಯುವವರೆಗೆ ಕೂಸಿನ ಬಟ್ಟೆಯ ಗಂಟೂ ಬಿಚ್ಚಲು ಆಗದು. ನಮ್ಮ ಮನೆಯಲ್ಲಿ ರೊಟ್ಟಿ ಇಲ್ಲದೆ ಗಂಡಸರು ಊಟಕ್ಕೆ ಕೂರುತ್ತಿರಲಿಲ್ಲ. ನಾನು ತಟ್ಟಿದ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರಕು.

ಅತ್ತೆ ಕೆಟ್ಟವಳೆಂದು ಹೇಳುವುದಿಲ್ಲ. ಅವಳಿಗೆ ಬೇಕಾದದ್ದು ಎರಡು ಕೈ. ಒಂದು ದಿನ ನನ್ನೆದುರೇ ನನ್ನ ಗಂಡನಿಗೆ ಹೇಳಿದಳು: "ಕೈ ಇಲ್ಲದ ಸೊಸಿನ್ನ ದೇವರ ಜಗಲಿ ಮ್ಯಾಲೆ ಇಟ್ಟು ಪೂಜಿ ಮಾಡ್ಲೇನು? ಸುಗ್ಗಿಯೊಳಗ ಬೆರಳು ಮಡಚಿದ್ರ ಸರಿ. ಇಲ್ಲಂದ್ರ ತವರಿಗೆ ಹೋಗ್ಲಿ. ಕೂಸು ಇಲ್ಲೇ ಇರ್ಲಿ."

ಗಂಡ ಎದ್ದು ಕೊಟ್ಟಿಗೆಗೆ ಹೋದ. ಅವನು ಯಾವತ್ತೂ ಏನೂ ಅಂದವನಲ್ಲ.

ಶಿರಸಿಯಲ್ಲಿ ಸಂದುನೋವಿಗೆಂದೇ ಒಬ್ಬರು ಡಾಕ್ಟರು ಬಂದಿದ್ದಾರೆಂದು ಯಾರೋ ಹೇಳಿದರು. ಕರಾವಳಿಯವರು, ಮುಂಬಯಿಯಲ್ಲಿ ಕಲಿತವರು. ಜ್ವರ, ಕೆಮ್ಮು, ಹೊಟ್ಟೆನೋವು ಎಂದು ಹೋದರೆ ಬೇರೆ ಡಾಕ್ಟರ ಮನೆ ತೋರಿಸುತ್ತಿದ್ದರಂತೆ. ಅವರಿಗೆ ಕೀಲು, ಗೆಣ್ಣು, ಮಂಡಿ ಇಷ್ಟೇ ಬೇಕು. ಜನ ಅವರನ್ನು ಸಂದಿನ ಡಾಕ್ಟರು ಅನ್ನುತ್ತಿದ್ದರು. ಹಳ್ಳಿಯವರಿಗೆ ಬರಲು ಆಗುವುದೇ ಸಂತೆಯ ದಿನ ಎಂದು ಅವತ್ತು ಎಲ್ಲರನ್ನೂ ಒಟ್ಟಿಗೆ ಕೂರಿಸುತ್ತಿದ್ದರು. ಪೇಟೆಯ ಅಡಿಕೆ ಸಾಹುಕಾರರೊಬ್ಬರು ಅದಕ್ಕೆ ತಮ್ಮ ಜಗುಲಿ ಬಿಟ್ಟುಕೊಟ್ಟಿದ್ದರು. ಸೌದೆ ಇನ್ನೊಬ್ಬರದು. ಎಣ್ಣೆ ಬಂದವರೇ ತರುವುದು. ಊರೇ ಸೇರಿ ನಡೆಸಿದ ಹಾಗೆ ಇತ್ತು, ಮೊದಮೊದಲು…

ಅತ್ತೆಯೇ ಗಾಡಿಯಲ್ಲಿ ಕರೆದುಕೊಂಡು ಹೋದಳು. ಡಾಕ್ಟರು ಸಣಕಲು ಮನುಷ್ಯ, ಕನ್ನಡಕದ ಒಂದು ಕಾಲಿಗೆ ದಾರ ಕಟ್ಟಿತ್ತು. ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು, ಗೆಣ್ಣು ಗೆಣ್ಣಿಗೂ ಒತ್ತಿ, ಇಲ್ಲಿ ನೋವೇ, ಇಲ್ಲಿ ಎಷ್ಟು, ನೀರು ಸೇದುವಾಗಲೋ ಬಟ್ಟೆ ಹಿಂಡುವಾಗಲೋ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲು ಅತ್ತೆಯೇ ಉತ್ತರ ಕೊಡುತ್ತಿದ್ದಳು. ನಮ್ಮ ಕಡೆ ಹಾಗೆಯೇ. ಸೊಸೆಯ ನೋವು ಎಷ್ಟು ಎಂದು ಅತ್ತೆ ಹೇಳಬೇಕು.

ಅವರು ಒಂದಷ್ಟು ಹೊತ್ತು ಕೇಳಿಸಿಕೊಂಡು, "ಮನೆಯಲ್ಲಿ ಕೆಲಸ ಹಂಚುವವರು ಯಾರು?" ಅಂದರು.

"ಮತ್ಯಾರು? ನಾನ," ಅಂದಳು ಅತ್ತೆ, ಸೆರಗು ಸರಿಮಾಡಿಕೊಂಡು.

"ಹಾಗಾದ್ರೆ ನಿಮ್ಮ ಕೈ ಕೊಡಿ."

ಅತ್ತೆಯ ಬೆರಳುಗಳಿಗೆ ಬಿದಿರಿನ ಸೀಳು ಇಟ್ಟು ಬಟ್ಟೆ ಸುತ್ತಿ ಬಿಗಿದರು. "ಈಗ ನಿಮ್ಮ ಎಲೆ ಸಂಚಿ ಬಿಚ್ಚಿ ಒಂದು ಎಲೆ ಹಾಕಿಕೊಳ್ಳಿ, ನೋಡುವಾ." ಅತ್ತೆ ಹಲ್ಲಿನಿಂದ ಎಳೆದಳು, ಮೊಣಕಾಲಿನಲ್ಲಿ ಒತ್ತಿ ಹಿಡಿದಳು, ಸಂಚಿಯ ದಾರ ಬಿಚ್ಚಲಿಲ್ಲ. ಜಗುಲಿಯವರೆಲ್ಲ ನಕ್ಕರು. ಡಾಕ್ಟರು ನಗಲಿಲ್ಲ. "ಎಂತ ಅಮ್ಮ, ರೋಗ ಇವಳಿಗೆ, ಪಥ್ಯ ನಿಮಗೆ. ರೊಟ್ಟಿ, ನೀರು, ಬಟ್ಟೆ ಮೂರನ್ನೂ ಇವಳ ಕೈಯಿಂದ ತೆಗೀರಿ. ಗುಳಿಗೆ ಇವಳು ನುಂಗ್ತಾಳೆ."

ಎಲ್ಲರಿಗೂ ಅವರು ಮಾಡುತ್ತಿದ್ದುದು ಹೀಗೇ. ರೋಗಿಯ ಜೊತೆ ಬಂದವರಿಗೆ ಮೊದಲು ಪಾಠ. ಒಮ್ಮೆ ಸೈಕಲ್ ಹೊಡೆದುಕೊಂಡು ನಮ್ಮ ಮನೆಗೇ ಬಂದು, ಬಾವಿ ನೋಡಿ, ಹಗ್ಗ ನೋಡಿ, ನನ್ನ ಗಂಡನಿಗೆ ಬೈದು ಹೋದರು. ಅವನಿಗೆ ಬೈದ ಮೊದಲನೆಯ ಮನುಷ್ಯ ಅವರು. ನನಗೆ ಖುಷಿಯಾಗಿತ್ತು ಎಂದು ಈಗ ಹೇಳಬಹುದು.

ಮೇಣದ ಚಿಕಿತ್ಸೆ ಜಗುಲಿಯಲ್ಲಿ. ಕುದಿನೀರಿನ ಕಡಾಯಿಯೊಳಗೆ ಒಂದು ದೊಡ್ಡ ಹಿತ್ತಾಳೆ ತಪ್ಪಲೆ, ಅದರಲ್ಲಿ ಮೇಣ ಮತ್ತು ಎಣ್ಣೆ. ಬಿಸಿ ಎಷ್ಟಿದೆ ಎಂದು ಡಾಕ್ಟರು ಮೊದಲು ತಮ್ಮ ಮಣಿಕಟ್ಟಿಗೆ ಬಿಟ್ಟುಕೊಂಡು ನೋಡುವರು. ಆಮೇಲೆ ನಾವು ಕೈ ಅದ್ದುವುದು, ಎತ್ತುವುದು, ಮತ್ತೆ ಅದ್ದುವುದು. ಪದರ ಪದರವಾಗಿ ಬಿಳಿ ಕೈಗವಸು ಹಾಕಿದಂತೆ ಆಗುತ್ತಿತ್ತು. ಕಂಬಳಿ ತುಂಡು ಸುತ್ತಿಕೊಂಡು ಕೂರಬೇಕು. ಕಾವು ಇಳಿದ ಮೇಲೆ ಆ ಮೇಣವನ್ನು ಸುಲಿದು, ಉಂಡೆ ಮಾಡಿ ಹಿಸುಕಬೇಕು. ಬೆರಳು ಮೆತ್ತಗಾಗಿರುವಾಗಲೇ ಹಿಸುಕಬೇಕು. ಆಮೇಲೆ ಉಂಡೆಯನ್ನು ತಿರುಗಿ ತಪ್ಪಲೆಗೆ ಹಾಕುವುದು. ಒಬ್ಬರ ಕೈಯಿಂದ ಸುಲಿದದ್ದು ಕರಗಿ ಮತ್ತೊಬ್ಬರ ಕೈಗೆ.

ಅಲ್ಲಿ ಒಬ್ಬ ಮುದಿ ದರ್ಜಿ ಬರುತ್ತಿದ್ದ. "ಬೆರಳಿಗೆ ಒಂದೊಂದು ಬತ್ತಿ ಹಚ್ಚಿ ಕಳಸ್ರಿ ಡಾಕ್ಟರ, ಮನ್ಯಾಗ ಎಣ್ಣಿ ಖರ್ಚರ ಉಳೀತೈತಿ" ಅನ್ನುತ್ತಿದ್ದ. ಎಲ್ಲರೂ ನಗುತ್ತ ಹಿಸುಕುತ್ತಿದ್ದೆವು. ಯಾರ ಮುಷ್ಟಿ ಎಷ್ಟು ಮುಚ್ಚಿತು ಎಂದು ಒಬ್ಬರದನ್ನು ಒಬ್ಬರು ನೋಡಬೇಕು. ಅದೂ ಡಾಕ್ಟರ ಕಟ್ಟಳೆಯೇ. ನನ್ನ ಹೆಬ್ಬೆರಳು ಕಿರುಬೆರಳಿಗೆ ಮುಟ್ಟಿದ ದಿನ ಜಗುಲಿಯವರೆಲ್ಲ ಹೋ ಎಂದರು.

ಅತ್ತೆಗೆ ಮೇಣದ ಬಗ್ಗೆ ಮೊದಲೇ ಅನುಮಾನವಿತ್ತು. ಮಠದ ಅಯ್ಯನವರನ್ನು ಕೇಳಿದ್ದಳು. "ಬೆಂಕಿ ಕಂಡಿದ್ದಕ್ಕ ಮೈಲಿಗಿ ಇಲ್ಲವ್ವ" ಎಂದು ಅವರು ಅಂದಿದ್ದರಿಂದ ಸುಮ್ಮನಿದ್ದಳು. ಆ ಮಾತಿನ ಮೇಲೆ ನನ್ನ ಬೆರಳು ಒಂದಷ್ಟು ವಾರ ನಡೆಯಿತು.

ಆಮೇಲೆ ಆ ಹೆಂಗಸು ಬಂದಳು. ನಮ್ಮ ಕಣದಲ್ಲಿ ಭತ್ತ ತೂರುತ್ತಿದ್ದವಳು. ಊರಾಚೆಯ ಕೇರಿಯವಳು. ನಮ್ಮ ಬಾವಿಯ ಹಗ್ಗ ಮುಟ್ಟದವಳು, ಅಂಗಳದ ತುದಿಯಲ್ಲಿ ನಿಂತು ಕೂಲಿ ಇಸಿದುಕೊಳ್ಳುತ್ತಿದ್ದವಳು. ಅವಳಿಗೂ ನನ್ನದೇ ರೋಗ. ನಾವು ಗಾಡಿಯಲ್ಲಿ ಹೋದೆವು, ಅವಳು ನಡೆದು ನಮಗಿಂತ ಮೊದಲು ಬಂದು ಕೂತಿದ್ದಳು. ಡಾಕ್ಟರದು ಒಂದೇ ನಿಯಮ, ಮುಂಚೆ ಬಂದವರಿಗೆ ಮುಂಚೆ.

ಅತ್ತೆ ಜಗುಲಿ ಹತ್ತದೆ ಕೆಳಗೇ ನಿಂತು ಹೇಳಿದಳು: "ಮೊದಲ ನಮ್ಮ ಸೊಸಿ ಅದ್ದಲಿ. ಆಮ್ಯಾಲೆ ಯಾರರ ಅದ್ದಲಿ."

ಆ ಹೆಂಗಸೇ ಎದ್ದು ಗೋಡೆಗೆ ಸರಿದಳು. "ಅವ್ವಾರ ಮೊದಲ ಆಗ್ಲಿರಿ. ನಂದೇನೈತಿ, ನಾ ಕುಂದರ್ತೀನಿ."

ಅಲ್ಲಿಗೆ ಮುಗಿಯಬಹುದಿತ್ತು. ಅವಳಿಗೆ ಒಪ್ಪಿಗೆ, ಅತ್ತೆಗೆ ಒಪ್ಪಿಗೆ, ನನಗಂತೂ ಕೇಳುವುದೇ ಬೇಡ. ಒಪ್ಪದವರು ಡಾಕ್ಟರು. "ನೀನು ಮುಂಚೆ ಬಂದವಳು. ಕೈ ಕೊಡು" ಎಂದು ಅವಳ ಕೈ ಹಿಡಿದು ತಾವೇ ತಪ್ಪಲೆಯಲ್ಲಿ ಅದ್ದಿದರು. ಅತ್ತೆ ನನ್ನ ರಟ್ಟೆ ಹಿಡಿದು ಗಾಡಿಗೆ ಎಳೆದಳು.

ಮುಂದಿನ ಸಂತೆಗೆ ಪೇಟೆಯ ಹಿರಿಯರೂ ಸೇರಿದರು. ನಮ್ಮ ಮನೆಯೊಂದೇ ಅಲ್ಲ, ಬೇರೆ ಬೇರೆ ಜಾತಿಯ ದೊಡ್ಡ ಮನೆಗಳೆಲ್ಲ ಇದೊಂದು ವಿಷಯಕ್ಕೆ ಒಂದಾಗಿದ್ದವು. ಜಗಳವಾಡಲಿಲ್ಲ, ಮರ್ಯಾದೆಯಿಂದಲೇ ಕೇಳಿದರು. ಇನ್ನೊಂದು ತಪ್ಪಲೆ ನಾವೇ ಕೊಡುತ್ತೇವೆ, ಮೇಣವೂ ನಮ್ಮದೇ, ಅವರಿಗೊಂದು ನಮಗೊಂದು ಇಡಿ. ಡಾಕ್ಟರು ಆಗುವುದಿಲ್ಲ ಎಂದರು. ಎರಡನೇ ತಪ್ಪಲೆ ಒಲೆ ಏರಿದ ದಿನ ಈ ಕೆಲಸವನ್ನೇ ಬಿಡುತ್ತೇನೆ ಎಂದರಂತೆ.

ಗಂಡ ಎತ್ತು ನೋಡಲು ಸಂತೆಗೆ ಹೋದಾಗ ನಾನು ಕೂಸನ್ನು ಎತ್ತಿಕೊಂಡು ಅವನ ಜೊತೆ ಹೋಗಿದ್ದೆ. ಅವನು ದನದ ಸಾಲಿನಲ್ಲಿದ್ದ ಹೊತ್ತು ನೋಡಿ ಜಗುಲಿಗೆ ಓಡಿದೆ. ಜನ ಎದ್ದುಹೋಗಿದ್ದರು, ಡಾಕ್ಟರು ಒಬ್ಬರೇ ಮೇಣ ಸೋಸುತ್ತಿದ್ದರು. ನಾನು ಯಾರ ಮುಂದೆಯೂ ಹಲ್ಲು ಗಿಂಜಿದವಳಲ್ಲ. ಅವತ್ತು ಗಿಂಜಿದೆ.

"ಇನ್ನೊಂದು ತಪ್ಪಲಿ ಇಡ್ರಿ ಡಾಕ್ಟರ. ಸುಗ್ಗಿ ಬಂತು. ಬೆರಳು ಮಡಚಲಿಲ್ಲಂದ್ರ ನನ್ನ ತವರಿಗೆ ಕಳಸ್ತಾರ. ಕೂಸಿನ್ನ ಕೊಡೂದಿಲ್ಲ."

ಅವರು ಕೂಸಿನ ಮುಖ ನೋಡಿದರು.

"ಇವತ್ತು ನಿನಗೆ ಬೇರೆ ಪಾತ್ರೆ ಇಟ್ಟರೆ ನಾಳೆ ಅವಳಿಗೆ ಜಗುಲಿಯೂ ಇಲ್ಲ. ನನ್ನಿಂದ ಆಗೂದಿಲ್ಲ ತಂಗಿ."

"ಅಕಿಗೆ ಮೊದಲೂ ಜಗಲಿ ಇರ್ಲಿಲ್ರಿ. ನನಗ ಕೂಸೈತಿ."

ಅವರು ಸೋಸುವುದನ್ನು ನಿಲ್ಲಿಸಿದರು. ಮನೆಯಲ್ಲೇ ಮಾಡಿಕೋ ಎಂದು ಅದೇ ತಪ್ಪಲೆಯಿಂದ ಒಂದು ಗಟ್ಟಿ ಮೇಣ ಕಟ್ಟಿಕೊಟ್ಟರು. ಅದೇ ತಪ್ಪಲೆಯಿಂದ! ಹೊಸ ಮೇಣ ಪಕ್ಕದಲ್ಲೇ ಪೊಟ್ಟಣದಲ್ಲಿತ್ತು. ಹಟಕ್ಕೆ ಕೊಟ್ಟರೋ, ಹೊಳೆಯದೆ ಕೊಟ್ಟರೋ, ಇವತ್ತಿಗೂ ನನಗೆ ತಿಳಿಯದು. ಮನೆಗೆ ತಂದ ಕೂಡಲೇ ಅತ್ತೆ "ಯಾವ ತಪ್ಪಲಿದು?" ಎಂದು ಕೇಳಿದಳು. ಸುಳ್ಳು ಹೇಳಿದೆ. ಮೇಣದಲ್ಲಿ ಕಂಬಳಿಯ ಕರಿ ಎಳೆಗಳಿದ್ದವು. ಗೊಬ್ಬರದ ಗುಂಡಿಗೆ ಎಸೆದಳು.

ಸಾಹುಕಾರರಿಗೆ ಅಡಿಕೆ ಹರವಲು ಜಗುಲಿ ಬೇಕಾಯಿತಂತೆ. ಸೌದೆಯೂ ನಿಂತಿತು. ಎಣ್ಣೆ ತರುವವರು ತಾವೇ ಬರುವುದನ್ನು ಬಿಟ್ಟರು. ನಮ್ಮ ಕಣದ ಕೆಲಸದಿಂದ ಆ ಹೆಂಗಸನ್ನು ಅತ್ತೆ ತೆಗೆದಳು. ಅವಳು ಏನಾದಳೋ… ಡಾಕ್ಟರು ಯಲ್ಲಾಪುರಕ್ಕೆ ಹೋದರೆಂದು ಸುದ್ದಿ ಬಂತು. ನಮ್ಮ ಸುಗ್ಗಿ ಮುಗಿಯಿತು. ಅತ್ತೆ ಹೇಳಿದ ಮಾತು ತಪ್ಪುವವಳಲ್ಲ. ನನ್ನನ್ನು ಸಿದ್ದಾಪುರದ ಕಡೆಯ ತವರಿಗೆ ಕಳಿಸಿದರು, ಕೂಸನ್ನು ಇಟ್ಟುಕೊಂಡರು. ಗಾಡಿ ಹೊರಟಾಗ ಅದು ನಿದ್ದೆಯಲ್ಲಿತ್ತು.

ವರ್ಷಗಳು ಹೋದವು. ಬೆರಳುಗಳೆಲ್ಲ ಗಾಳಿ ಬೀಸಿದ ಪೈರಿನ ಹಾಗೆ ಕಿರುಬೆರಳಿನ ಕಡೆಗೆ ವಾಲಿದವು. ನನ್ನ ಅಣ್ಣನಿಗೆ ಕನಿಕರ ಬಂದು ಯಲ್ಲಾಪುರಕ್ಕೆ ಕರೆದುಕೊಂಡು ಹೋದ. ಲಾರಿಗಳು ನಿಲ್ಲುವ ರಸ್ತೆಯ ಬದಿಗೆ ಡಾಕ್ಟರ ಮನೆ. ತಲೆ ನೆರೆತಿತ್ತು. ಜಗುಲಿಯಲ್ಲಿ ಮರದ ನಾಟಾ ಹೊರುವವರು, ಅವರ ಹೆಂಗಸರು, ತಪ್ಪಲೆಯ ಸುತ್ತ ಕೂತು ಹಿಸುಕುತ್ತ ನಗುತ್ತಿದ್ದರು.

ನನ್ನ ಗುರುತು ಸಿಕ್ಕಿತು ಅವರಿಗೆ. ಬೆರಳು ಹಿಡಿದ ಮೇಲೆ ಸಿಕ್ಕಿತು. ನೋಡಿದರು, ಒತ್ತಿದರು, "ತಡವಾಯ್ತು ತಂಗಿ. ಕಾವು ಕೊಟ್ಟರೆ ನೋವು ಕಮ್ಮಿಯಾದೀತು, ಬೆರಳು ತಿರುಗೂದಿಲ್ಲ" ಅಂದರು. ನಾನು ಜಗುಲಿಯ ತಪ್ಪಲೆಯ ಕಡೆ ಹೆಜ್ಜೆ ಇಟ್ಟೆ.

"ಅಲ್ಲಲ್ಲ," ಅಂದರು. "ನಿಮ್ಮದು ಒಳಗಿದೆ."

ಒಳಗಿನ ಕೋಣೆಯಲ್ಲಿ ಇನ್ನೊಂದು ತಪ್ಪಲೆ ಇತ್ತು. ತಿಕ್ಕಿ ಬೆಳಗಿದ್ದು.

ನಾನು ಅದನ್ನು ನೋಡಿದೆ, ಅವರನ್ನು ನೋಡಿದೆ. ಅವರು ನನ್ನನ್ನು ನೋಡಲಿಲ್ಲ.

"ಇದನ್ನ ಆವತ್ತ ಇಡಾಕ ಬರ್ಲಿಲ್ಲೇನ್ರಿ?"

ಕನ್ನಡಕ ತೆಗೆದು ಒರೆಸಿಕೊಂಡರು. "ಶಿರಸಿ ಬಿಡಿಸಿದರು. ಇಲ್ಲಿಯೂ ಬಿಡಿಸಿದರೆ ಇನ್ನೆಲ್ಲಿಗೆ ಹೋಗಲಿ? ನಂಗೂ ವಯಸ್ಸಾಯ್ತು."

ಆ ಕೋಣೆಯಲ್ಲಿ ಒಬ್ಬಳೇ ಕೂತು ಕೈ ಅದ್ದಿದೆ. ಮೇಣ ಸರಿಯಾಗಿ ಕಾದಿರಲಿಲ್ಲ. ಅಲ್ಲಿಗೆ ಬರುವವರು ಕಡಿಮೆ, ಕಾಯಿಸುವುದೂ ಅಷ್ಟಕ್ಕಷ್ಟೆ ಇರಬೇಕು. ಹೊರಗೆ ಯಾರದೋ ಮುಷ್ಟಿ ಮುಚ್ಚಿತೆಂದು ಕಾಣುತ್ತದೆ, ಹೋ ಎಂದು ಕೂಗಿದರು. ನನ್ನ ಮುಷ್ಟಿ ನೋಡುವವರು ಅಲ್ಲಿ ಯಾರೂ ಇರಲಿಲ್ಲ. ಮತ್ತೆ ನಾನು ಯಲ್ಲಾಪುರಕ್ಕೆ ಹೋಗಲಿಲ್ಲ.

ಅತ್ತೆ ಹಾಸಿಗೆ ಹಿಡಿದ ಮೇಲೆ ಗಂಡ ಬಂದು ನನ್ನನ್ನು ಕರೆದುಕೊಂಡು ಹೋದ. ಕೈ ಸೊಟ್ಟಗಿದ್ದರೂ ಸರಿ, ಮನೆಯಲ್ಲಿ ಹೆಂಗಸು ಬೇಕಿತ್ತು. ಬಾಗಿಲಲ್ಲಿ ನಿಂತಿದ್ದ ನನ್ನ ಮಗಳು ನೆಂಟರಿಗೆ ಅನ್ನುವ ಹಾಗೆ "ಬರ್ರಿ" ಅಂದಳು. ನೀರು ತಂದುಕೊಟ್ಟಳು. ಒಳ್ಳೆಯ ಹುಡುಗಿ. ಯಾರೋ ಚೆನ್ನಾಗಿ ಬೆಳೆಸಿದ್ದರು.

ಡಾಕ್ಟರು ಯಲ್ಲಾಪುರದಲ್ಲೇ ತೀರಿಕೊಂಡರೆಂದು ಬಹಳ ವರ್ಷದ ಮೇಲೆ ಕೇಳಿದೆ. ಅತ್ತೆಯ ಮೇಲಿನ ಸಿಟ್ಟು ಅವಳ ಹೇಸಿಗೆ ಬಾಚುತ್ತ ಬಾಚುತ್ತ ಕಳೆದುಹೋಯಿತು. ಗಂಡನ ಮೇಲೆ ಸಿಟ್ಟು ಮಾಡಲು ಅವನಲ್ಲಿ ಏನೂ ಇರಲಿಲ್ಲ. ಡಾಕ್ಟರ ಮೇಲಿನದು ಹೋಗಿಲ್ಲ. ಅವರು ಹೇಳಿದ್ದು ಸರಿ, ಅಷ್ಟು ನನಗೂ ತಿಳಿಯುತ್ತದೆ. ಅವರು ಸರಿಯಾದದ್ದನ್ನು ಮಾಡಿದ್ದಕ್ಕೆ ಬೆರಳು ಕೊಟ್ಟವಳು ನಾನು, ಕೂಸು ಕೊಟ್ಟವಳು ನಾನು. ಆಮೇಲೆ ಅದನ್ನು ಅವರೇ ಕೈಬಿಟ್ಟರು. ಮೊದಲೇ ಎರಡು ಇಡಬೇಕಿತ್ತು, ಇಲ್ಲವೇ ಸಾಯುವವರೆಗೂ ಒಂದೇ ಇಡಬೇಕಿತ್ತು.

ಮೊಮ್ಮಗಳು ದೊಡ್ಡ ಊರಿನ ಆಸ್ಪತ್ರೆಯಲ್ಲಿ ತೋರಿಸೋಣ ಅನ್ನುತ್ತಿದ್ದಳು. ಹೋಗಿ ಬಂದಿದ್ದೂ ಆಯಿತು. ಫೋಟೋ ತೆಗೆದರು, ರಕ್ತ ತೆಗೆದರು, ಗುಳಿಗೆ ಬರೆದರು. ಒಳ್ಳೆಯ ಗುಳಿಗೆ, ನೋವು ಕಡಿಮೆ ಇದೆ. ಯಾರೂ ಬೆರಳು ಹಿಡಿಯಲಿಲ್ಲ. ಗೆಣ್ಣು ಗೆಣ್ಣಿಗೂ ಒತ್ತಿ, ಇಲ್ಲಿ ನೋವೇ, ಯಾವ ಕೆಲಸ ಮಾಡುವಾಗ ಎಂದು ನನ್ನನ್ನು ಕೇಳಿದವರು ಆ ಮನುಷ್ಯ ಒಬ್ಬರೇ. ಕೇಳಿದಾಗ ಅತ್ತೆ ಉತ್ತರ ಕೊಟ್ಟಳು. ಈಗ ಉತ್ತರ ಕೊಡಲು ನಾನೇ ಇದ್ದೇನೆ, ಕೇಳಲು ಅವರಿಲ್ಲ.